ಮೆಷಿನಿಗೆ ಕಡಿಮೆ ಕೊಡಿ, ಉಳಿಗೆ ಜಾಸ್ತಿ ಕೊಡಿ

ಕಳೆದ ಎರಡು ತಿಂಗಳಲ್ಲಿ ನಾಲ್ಕು ಜನ ಫೋನ್ ಮಾಡಿ ಒಂದೇ ಪ್ರಶ್ನೆ ಕೇಳಿದ್ದಾರೆ. "ಮರಕ್ಕೆ ಚೌಕ ತೂತು ಹಾಕುವ ಮೆಷಿನ್ ಬೇಕಿತ್ತು, ಕಡಿಮೆ ರೇಟಿಂದು ಯಾವುದು ಆಗ್ತದೆ?" ಪ್ರತಿ ಸಲ ಅರ್ಧ ಗಂಟೆ ಮಾತಾಡಿದ್ದೇನೆ. ಇವತ್ತು ಕೂತು ಬರೆದೇ ಬಿಡುತ್ತೇನೆ.

ಆ ಮೆಷಿನಿನ ಹೆಸರು ಬೆಂಚ್ ಮಾರ್ಟೈಸರ್. ಕಡಿಮೆ ರೇಟಿಂದು ಧೈರ್ಯವಾಗಿ ತಗೊಳ್ಳಿ. ಆದರೆ ಅದರ ಡಬ್ಬಿಯಲ್ಲಿ ಬರುವ ಉಳಿಗಳನ್ನು ನಂಬಬೇಡಿ.

ಈ ಮೆಷಿನ್ ನೋಡದವರಿಗೆ ಸ್ವಲ್ಪ ಹೇಳುತ್ತೇನೆ. ದಾರಂದದ ಜೋಡಣೆ ನೋಡಿದ್ದೀರಲ್ಲ, ಒಂದು ಮರದಲ್ಲಿ ಚೌಕ ತೂತು, ಇನ್ನೊಂದರ ತುದಿಯಲ್ಲಿ ಅದರೊಳಗೆ ಕೂರುವ ನಾಲಗೆ. ಆಚಾರಿಗಳು ಆ ತೂತನ್ನು ಕೊಡತಿಯಿಂದ ಬಡಿದು ಉಳಿಯಲ್ಲಿ ತೆಗೆಯುತ್ತಿದ್ದರು. ಮೆಷಿನಲ್ಲಿ ಇರುವುದು ಚೌಕಾಕಾರದ ಟೊಳ್ಳು ಉಳಿ, ಅದರ ಹೊಟ್ಟೆಯೊಳಗೆ ತಿರುಗುವ ಬಿಟ್. ಬಿಟ್ ಮರವನ್ನು ಕೊರೆದು ಸಿಪ್ಪೆ ಮೇಲೆ ತರುತ್ತದೆ. ಉಳಿ ತಿರುಗುವುದಿಲ್ಲ, ಸುಮ್ನೆ ಕೆಳಗಿಳಿದು ನಾಲ್ಕು ಮೂಲೆ ಕತ್ತರಿಸುತ್ತದೆ. ಮೂಲೆ ಕತ್ತರಿಸುವ ಬಲ ಮೋಟರಿನದ್ದಲ್ಲ, ಹಿಡಿ ಎಳೆಯುವ ನಿಮ್ಮ ತೋಳಿನದ್ದು. ಹಾಗಾಗಿ ಉಳಿ ಮೊಂಡಾಗಿದ್ದರೆ ಎಂಥ ದುಬಾರಿ ಮೆಷಿನ್ ಇದ್ದೂ ಪ್ರಯೋಜನ ಇಲ್ಲ.

ನಾನು ತಗೊಂಡದ್ದು ಅರ್ಧ ಎಚ್‌ಪಿ, 1440 ಆರ್‌ಪಿಎಂ ಮೋಟರಿನ ಸಾಧಾರಣ ಮೆಷಿನ್. ಮೊದಲ ಕೆಲಸ ಅಮ್ಮನ ಮನೆಯ ಅಡುಗೆಕೋಣೆಯ ಕಿಟಕಿ, ಮರ ಹೆಬ್ಬಲಸು. ಮೂರನೇ ತೂತಿಗೆ ಕಿವಿ ಕೊರೆಯುವ ಕೀರಲು ಶಬ್ದ ಶುರುವಾಯಿತು. ಆಮೇಲೆ ಹೊಗೆ. ಇಡೀ ಮೈಭಾರ ಹಾಕಿದರೂ ಹಿಡಿ ಕೆಳಗೆ ಹೋಗುತ್ತಿಲ್ಲ. ಹೊರಗೆ ತೆಗೆದು ನೋಡಿದರೆ ಉಳಿಯ ತುದಿ ನೇರಳೆ ಬಣ್ಣಕ್ಕೆ ತಿರುಗಿತ್ತು. ಬೆಲೆ ನೋಡಿ ಮೋಸ ಹೋದೆ ಅಂತ ತುಂಬಾ ಬೇಜಾರಾಯಿತು. ಮರುದಿನ ವಾಪಸ್ ಕೊಡುವುದು ಅಂತ ನಿರ್ಧಾರ ಮಾಡಿದ್ದೆ.

ಸಂಜೆ ನಮ್ಮ ಪಕ್ಕದ ಮನೆಯ ಆಚಾರ್ರು ಬಂದರು. ಹದಿನೈದು ವರ್ಷ ದುಬೈಯ ಮರದ ವರ್ಕ್‌ಶಾಪಿನಲ್ಲಿ ದುಡಿದು ಊರಿಗೆ ಬಂದವರು. "ಎಂತ ಮಾರಾಯ್ರೆ, ಮೆಷಿನ್ ಎಂತ ಮಾಡಿದೆ ಪಾಪ, ಇದರ ಬಾಯಿ ನೋಡಿ" ಅಂದರು. ಉಳಿಯ ಅಂಚನ್ನು ಹೆಬ್ಬೆರಳಿನ ಉಗುರಿನ ಮೇಲಿಟ್ಟರು. ಹರಿತ ಇದ್ದರೆ ಅದು ಉಗುರಿಗೆ ಕಚ್ಚಿ ನಿಲ್ಲಬೇಕು. ಅದು ಗಾಜಿನ ಮೇಲೆ ಜಾರಿದ ಹಾಗೆ ಜಾರಿತು. ಒಳಗೆ ಕಿರುಬೆರಳು ಹಾಕಿ ನೋಡಿದೆ, ಫ್ಯಾಕ್ಟರಿಯ ಗೀರುಗಳು ಹಾಗೆಯೇ ಕೈಗೆ ಸಿಗುತ್ತಿದ್ದವು. ಯಾರೂ ಸಾಣೆ ಹಿಡಿದ ಉಳಿಯೇ ಅಲ್ಲ ಅದು.

ಆಮೇಲೆ ಅವರು ಕೇಳಿದ್ದು ಎರಡು ರೂಪಾಯಿಯ ನಾಣ್ಯ. ಉಳಿಯ ಭುಜಕ್ಕೂ ಮೆಷಿನಿನ ತಲೆಗೂ ನಡುವೆ ನಾಣ್ಯ ಇಟ್ಟು ಉಳಿಯನ್ನು ಹಗುರವಾಗಿ ಬಿಗಿದರು. ಬಿಟ್ಟನ್ನು ಪೂರ್ತಿ ಮೇಲಕ್ಕೆ ಒತ್ತಿ, ಅದನ್ನು ಹಿಡಿದು ತಿರುಗಿಸುವ ಚಕ್ಕಿನಲ್ಲಿ ಗಟ್ಟಿ ಮಾಡಿದರು. ನಾಣ್ಯ ತೆಗೆದು ಉಳಿಯನ್ನು ಮೇಲಕ್ಕೆ ತಳ್ಳಿ ಬಿಗಿದರು. ಈಗ ಬಿಟ್ಟಿನ ಅಗಲ ಬಾಯಿ ಉಳಿಯ ತುದಿಗಿಂತ ನಾಣ್ಯದ ದಪ್ಪದಷ್ಟು ಕೆಳಗೆ ಬಂತು. ಈ ಸಂದಿ ಇಲ್ಲದಿದ್ದರೆ ಬಿಟ್ ಉಳಿಗೆ ಉಜ್ಜುತ್ತದೆ. ನಾನು ಕೇಳಿದ ಕೀರಲು, ಹೊಗೆ, ಆ ನೇರಳೆ ಬಣ್ಣ, ಎಲ್ಲಾ ಅಲ್ಲಿಂದಲೇ ಬಂದದ್ದು. ಹಾಗೆ ಸುಟ್ಟ ಉಕ್ಕು ಮತ್ತೆ ಅಂಚು ಹಿಡಿಯುವುದಿಲ್ಲ.

ಇನ್ನೊಂದು ಸೈಜಿನ ಉಳಿಗೆ ಅವರೇ ಸಾಣೆ ಹಿಡಿದು ತೋರಿಸಿದರು. ಒಳಗಿನ ಇಳಿಜಾರಿಗೆ ಶಂಕುವಿನಾಕಾರದ ಕಲ್ಲು. ಹೊರಗಿನ ನಾಲ್ಕು ಮೈಗಳನ್ನು ನುಣುಪು ಕಲ್ಲಿನ ಮೇಲೆ ನಾಲ್ಕೈದು ಸಲ ಎಳೆದರೆ ಸಾಕು. ಜಾಸ್ತಿ ಉಜ್ಜಿದರೆ ಉಳಿಯ ಅಳತೆಯೇ ಸಣ್ಣದಾಗುತ್ತದೆ. ಅದೇ ಮೆಷಿನ್, ಅದೇ ಹೆಬ್ಬಲಸು. ಹಳದಿ ಸಿಪ್ಪೆ ಸುರುಳಿ ಸುರುಳಿಯಾಗಿ ಬರತೊಡಗಿತು. ನಾನು ಒಂದೇ ಕೈಯಲ್ಲಿ ಹಿಡಿ ಎಳೆದೆ.

ಆದರೂ ಆ ಉಳಿ ಒಂದು ಕಿಟಕಿ ಮುಗಿಯುವಷ್ಟರಲ್ಲಿ ಮೊಂಡಾಯಿತು. ಉಕ್ಕೇ ಮೆತ್ತಗೆ ಇದ್ದರೆ ಸಾಣೆ ಎಷ್ಟು ದಿನ ನಿಂತೀತು? ಆಮೇಲೆ ಜಪಾನಿನಲ್ಲಿ ಮಾಡಿದ ಎರಡು ಉಳಿ ತರಿಸಿದೆ, 3/8 ಇಂಚು ಮತ್ತು ಅರ್ಧ ಇಂಚು. ಮೆಷಿನಿಗೆ ಕೊಟ್ಟದ್ದರ ಮೂರರಲ್ಲೊಂದು ಪಾಲು ಆ ಎರಡಕ್ಕೇ ಹೋಯಿತು. ಒಂದು ಪೈಸೆಯೂ ದಂಡ ಅನಿಸಲಿಲ್ಲ. ಬಾಗಿಲು, ಕಿಟಕಿ, ಮೇಜಿಗೆ ಈ ಎರಡೇ ಸೈಜು ಸಾಕು. ನಾಲ್ಕರ ಸೆಟ್ ಬೇಡ. ಕಾಲು ಇಂಚಿನದ್ದರಲ್ಲಿ ನಮ್ಮ ಗಟ್ಟಿ ಮರದ ಸಿಪ್ಪೆ ಸಿಕ್ಕಿಹಾಕಿಕೊಳ್ಳುತ್ತದೆ. ತರಿಸುವ ಮೊದಲು ಉಳಿಯ ಕುತ್ತಿಗೆಯ ಅಳತೆ ನೋಡಿ. 5/8 ಇಂಚಿನದ್ದೂ ಇದೆ, 3/4 ಇಂಚಿನದ್ದೂ ಇದೆ. ನಿಮ್ಮ ಮೆಷಿನಿಗೆ ಸರಿಯಾದ ಬುಶ್, ಅಂದರೆ ಕುತ್ತಿಗೆಗೆ ಹಾಕುವ ಬಳೆ, ಸಿಗುತ್ತದಾ ಕೇಳಿ.

ಇನ್ನು ಮೆಷಿನ್. ಮಂಗಳೂರು ಬಂದರಿನ ಅಂಗಡಿಗಳಿಗೆ ಹೋದರೆ ಬಣ್ಣ ನೋಡಬೇಡಿ. ತಲೆಯನ್ನು ಅರ್ಧ ಕೆಳಗಿಳಿಸಿ, ಕೈಯಲ್ಲಿ ಹಿಡಿದು ಹಿಂದೆ ಮುಂದೆ ಅಲ್ಲಾಡಿಸಿ. ಟಕ್ ಟಕ್ ಅಂದರೆ ಅದನ್ನು ಬಿಗಿ ಮಾಡುವ ಸ್ಕ್ರೂ ಇದೆಯಾ ನೋಡಿ. ಹಿಡಿ ಉದ್ದ ಇರಲಿ. ಎಲ್ಲಕ್ಕಿಂತ ಮುಖ್ಯ ಮರವನ್ನು ಕೆಳಗೆ ಒತ್ತಿ ಹಿಡಿಯುವ ಕವೆ. ಉಳಿ ಒಳಗೆ ಹೋಗುವಾಗ ಅಲ್ಲ, ಹೊರಗೆ ಬರುವಾಗ ತೊಂದರೆ. ಮರ ಉಳಿಯನ್ನು ಕಚ್ಚಿಕೊಂಡು ಜೊತೆಗೇ ಮೇಲೆ ಏಳುತ್ತದೆ. ಕಡಿಮೆ ಬೆಲೆಯ ಮೆಷಿನುಗಳಲ್ಲಿ ಈ ಕವೆ ತೆಳ್ಳಗಿರುತ್ತದೆ, ಬಾಗುತ್ತದೆ. ನಾನು ಒಂದು ದಪ್ಪ ಮರದ ತುಂಡು ಮತ್ತು ಎರಡು ಕ್ಲ್ಯಾಂಪ್ ಇಟ್ಟು ಸರಿಮಾಡಿಕೊಂಡಿದ್ದೇನೆ. ಡ್ರಿಲ್ ಸ್ಟ್ಯಾಂಡಿಗೆ ಸಿಕ್ಕಿಸುವ ಅಟ್ಯಾಚ್‌ಮೆಂಟ್ ಬಗ್ಗೆಯೂ ಕೇಳುತ್ತಾರೆ. ಬೇಡ. ಡ್ರಿಲ್ಲಿನ ಹಿಡಿ ಅಷ್ಟು ಒತ್ತಡಕ್ಕೆ ಮಾಡಿದ್ದಲ್ಲ.

ತೂತು ಹಾಕುವಾಗ ಮೊದಲು ಎರಡು ತುದಿ. ಆಮೇಲೆ ನಡುವೆ ಸ್ವಲ್ಪ ಮರ ಬಿಟ್ಟು ಬಿಟ್ಟು ಹಾಕಿ, ಕೊನೆಗೆ ಆ ಉಳಿದ ಮರ ತೆಗೆಯಿರಿ. ಒಂದಕ್ಕೊಂದು ತಾಗಿಸಿಯೇ ಹಾಕುತ್ತಾ ಹೋದರೆ ಉಳಿ ಖಾಲಿ ಇರುವ ಕಡೆಗೆ ವಾಲುತ್ತದೆ, ತೂತು ಓರೆಯಾಗುತ್ತದೆ.

ಕೈ ಉಳಿಯೂ ಬೇಕೇ ಬೇಕು. ನಾಲಗೆ ಬಿಗಿಯಾದರೆ ಕೂದಲೆಳೆಯಷ್ಟು ತೆಗೆಯಲು ಬೇರೆ ದಾರಿ ಇಲ್ಲ. ಆಚಾರ್ರ ಹತ್ತಿರ ಇರುವುದು ಲಾರಿಯ ಹಳೇ ಸ್ಪ್ರಿಂಗ್ ಪಟ್ಟಿಯಿಂದ ಕಮ್ಮಾರ ಬಡಿದು ಕೊಟ್ಟ ಉಳಿ. ನನ್ನ ಚಂದದ ಪ್ಯಾಕಿನ ಉಳಿಗಿಂತ ಅದರ ಅಂಚು ಎಷ್ಟೋ ಹೆಚ್ಚು ಹೊತ್ತು ನಿಲ್ಲುತ್ತದೆ. ಅಂಥ ಕಮ್ಮಾರ ಗೊತ್ತಿದ್ದರೆ ಒಂದು ಮಾಡಿಸಿಕೊಳ್ಳಿ.

ಇದೆಲ್ಲಾ ಯಾಕೆ, ಸ್ಕ್ರೂ ಹೊಡೆದು ಫೆವಿಕಾಲ್ ಹಾಕಿದರೆ ಆಗುವುದಿಲ್ವಾ ಅನ್ನುವವರು ಒಮ್ಮೆ ಮಣಿಪಾಲದ ಹಸ್ತಶಿಲ್ಪ ಅನ್ನುವ ಹಳೇ ಮನೆಗಳ ಮ್ಯೂಸಿಯಮ್ಮಿಗೆ ಹೋಗಿ ಬನ್ನಿ. ವಿಜಯನಾಥ ಶೆಣೈಯವರು ಎಲ್ಲೆಲ್ಲಿಂದಲೋ ಹಳೇ ಮನೆಗಳನ್ನು ಬಿಚ್ಚಿ ತಂದು ಅಲ್ಲಿ ಮತ್ತೆ ಕಟ್ಟಿಸಿದ್ದರು. ಕಂಬ, ತೊಲೆಗಳ ಜೋಡು ಹತ್ತಿರದಿಂದ ನೋಡಿ. ಗಮ್ ಹಾಕಿದ ಮನೆಯನ್ನು ಹಾಗೆ ಬಿಚ್ಚಲು ಆಗುತ್ತದಾ?

ಮಳೆಗಾಲ ಬರುತ್ತಿದೆ. ಟೊಳ್ಳು ಉಳಿ ಇರುವವರು ಕೆಲಸ ಮುಗಿದ ಮೇಲೆ ಬಿಟ್ಟನ್ನು ಒಳಗೇ ಬಿಡಬೇಡಿ. ನಡುವೆ ಕೂತ ಮರದ ಪುಡಿ ನೀರು ಎಳೆದು ಒಂದೇ ವಾರದಲ್ಲಿ ತುಕ್ಕು ಹಿಡಿಸುತ್ತದೆ. ಎರಡನ್ನೂ ಬೇರೆ ಮಾಡಿ, ಒರೆಸಿ, ಹೊಲಿಗೆ ಮೆಷಿನಿನ ಎಣ್ಣೆ ಸವರಿ ಇಡಿ. ತೆಂಗಿನೆಣ್ಣೆ ಬೇಡ, ಅಂಟಾಗುತ್ತದೆ.