ಕೊಕ್ಕೆ ಕಳೆದಿದೆ, ಹುಡುಕಿಕೊಡಿ

ಮೂರು ದಿನ ಕೂತು ಹನ್ನೆರಡು ಪುಟದ ಇಂಗ್ಲಿಷ್ ವರದಿ ಬರೆದು ಮೇಲಿನವರಿಗೆ ಕಳಿಸಿದೆ. ಸಂಜೆಗೇ ವಾಪಸ್ ಬಂತು. ನಾಲ್ಕನೇ ಪುಟದ ಒಂದು 'ಇಟ್ಸ್' ಸುತ್ತ ಕೆಂಪು ಸುತ್ತು, ಪಕ್ಕದಲ್ಲಿ ಮೂರು ಪ್ರಶ್ನಾರ್ಥಕ ಚಿಹ್ನೆ. ಬೇಡದ ಕಡೆ ಅಪಾಸ್ಟ್ರಫಿ, ಅಂದರೆ ಅಕ್ಷರದ ತಲೆ ಪಕ್ಕ ನೇತಾಡುವ ಆ ಪುಟ್ಟ ಕೊಕ್ಕೆ (') ಹಾಕಿದ್ದೆ. ಒಂಬತ್ತನೇ ಪುಟದಲ್ಲಿ ಲೆಕ್ಕವೇ ತಲೆಕೆಳಗಾಗಿತ್ತು. ಅಲ್ಲಿ ಒಂದು ಗೆರೆಯೂ ಇರಲಿಲ್ಲ.

ತಪ್ಪು ಹುಡುಕುವವರಿಗೆ ಈ ಅಪಾಸ್ಟ್ರಫಿಯಷ್ಟು ಅಗ್ಗದ ಕೊಕ್ಕೆ ಬೇರೆ ಸಿಗುವುದಿಲ್ಲ. ನಿಯಮ ನೋಡಿ. ಜಾನ್‌ನ ಪುಸ್ತಕ, ಕೊಕ್ಕೆ ಬೇಕು. ನಾಯಿಯ ಬಾಲ, ಬೇಕು. ಅದೇ ನಾಯಿಯನ್ನು 'ಅದು' ಅಂದು ನೋಡಿ, 'ಅದರ ಬಾಲ'ಕ್ಕೆ ಕೊಕ್ಕೆ ಬೇಡ! ಹಾಕಿದರೆ 'ಇಟ್ಸ್' ಅನ್ನೋದು 'ಇಟ್ ಈಸ್' ಆಗಿ, ನಾಯಿಯೇ ಬಾಲವಾಗಿಬಿಡುತ್ತದೆ. ತಮಾಷೆ ಏನಂದ್ರೆ, 17, 18ನೇ ಶತಮಾನಗಳಲ್ಲಿ ಇಂಗ್ಲಿಷಿನವರೇ ಇಲ್ಲೂ ಕೊಕ್ಕೆ ಹಾಕಿ ಬರೆಯುತ್ತಿದ್ದರು. ಅಂದರೆ ನಂದು ತಪ್ಪಲ್ಲ, ಸ್ವಲ್ಪ ತಡ ಅಷ್ಟೇ.

ಅಮೆರಿಕದಲ್ಲಿ ಬೆಟ್ಟ, ಕೆರೆ, ಊರುಗಳ ಹೆಸರು ನೋಡಿಕೊಳ್ಳಲು ಸರ್ಕಾರದ್ದೇ ಒಂದು ಮಂಡಳಿ ಇದೆ. 1890ರಲ್ಲಿ ಹುಟ್ಟಿದ್ದು. ಒಡೆತನ ತೋರಿಸುವ ಕೊಕ್ಕೆ ನಕ್ಷೆಯಲ್ಲಿ ಬೇಡ ಅಂತ ಅವರ ಹಟ. ಬೆಟ್ಟ ಯಾರಪ್ಪನ ಆಸ್ತಿ, ಅಲ್ವಾ? ಹಾಗಂತ 's' ಮಾತ್ರ ಹಾಗೇ ಉಳಿಸಿಕೊಂಡಿದ್ದಾರೆ. ಆಸ್ತಿ ಹೋಯಿತು, ವಾರಸುದಾರ ಉಳಿದ. ಮಂಡಳಿಯ ಕೈಯಿಂದ ಬಚಾವಾದ ಹೆಸರು ಬರೀ ಐದು. ಮೊದಲು ಗೆದ್ದದ್ದು 1933ರಲ್ಲಿ, ಮಾರ್ಥಾಸ್ ವಿನ್ಯಾರ್ಡ್ ಎಂಬ ದ್ವೀಪ. 1963ರಲ್ಲಿ ರೋಡ್ ಐಲೆಂಡ್‌ನ ಒಂದು ಕೆರೆ ಗೆದ್ದಿತು. ಅದು 'ಜಾನ್ ಇ' ಅನ್ನುವವನ ಹೆಸರಿನ ಕೆರೆ. ಕೊಕ್ಕೆ ಕಿತ್ತರೆ 'ಜಾನ್ ಎಸ್' ಅಂತ ಓದಿಕೊಂಡಾರು ಎಂಬ ಭಯ. ಇಡೀ ಕೆರೆ ಒಂದು ಕೊಕ್ಕೆಗೆ ನೇತುಬಿದ್ದಿತ್ತು.

ಇಂಗ್ಲೆಂಡಿನಲ್ಲೂ ಅದೇ ಕಥೆ. ಅಲ್ಲಿ ಆಡಳಿತ ಕೀಳುತ್ತದೆ, ಜನ ನೆಡುತ್ತಾರೆ. ಕೇಂಬ್ರಿಜ್ ನಗರಸಭೆಯವರು ಹೊಸ ರಸ್ತೆಗಳ ಹೆಸರಿನಲ್ಲಿ ಕೊಕ್ಕೆ ಬೇಡ ಅಂದರು. ತುರ್ತು ಸೇವೆಯವರಿಗೆ ಗೊಂದಲವಂತೆ. ಮನೆಗೆ ಬೆಂಕಿ ಬಿದ್ದಾಗ ಅಗ್ನಿಶಾಮಕದವರು ಬೋರ್ಡಿನ ವ್ಯಾಕರಣ ನೋಡುತ್ತಾ ನಿಲ್ಲುತ್ತಾರೇನೋ, ಪಾಪ. ಜನ ಮಾರ್ಕರ್ ಹಿಡಿದು ಬೋರ್ಡ್ ತಿದ್ದಿದರು. 2014ರಲ್ಲಿ ಆದೇಶ ವಾಪಸ್. ಬ್ರಿಸ್ಟಲ್‌ನಲ್ಲಂತೂ ಒಬ್ಬ ಪುಣ್ಯಾತ್ಮ 2003ರಿಂದ ರಾತ್ರಿ ಹೊತ್ತು ಅಂಗಡಿ ಬೋರ್ಡುಗಳನ್ನು ತಿದ್ದುತ್ತಾ ಓಡಾಡಿದ. ಎತ್ತರದ ಅಕ್ಷರಕ್ಕೆ ಕೈ ಎಟುಕಲಿ ಅಂತ ಉದ್ದ ಕೋಲಿನ ಸಲಕರಣೆಯೊಂದನ್ನೂ ಮಾಡಿಕೊಂಡಿದ್ದ. ಮಾವಿನಕಾಯಿ ಕೀಳೋ ದೋಟಿ ನೆನಪಾಯಿತು. ಇವನದು ಅಂಟಿಸೋ ದೋಟಿ, ಅಷ್ಟೇ ವ್ಯತ್ಯಾಸ.

ಅದೇ ಇಂಗ್ಲೆಂಡಿನಲ್ಲಿ ಅಪಾಸ್ಟ್ರಫಿಯನ್ನು ಕಾಪಾಡಲು 2001ರಲ್ಲಿ ಒಂದು ಸಂಘವೂ ಹುಟ್ಟಿತು. ಕಟ್ಟಿದ ಜಾನ್ ರಿಚರ್ಡ್ಸ್ 2019ರಲ್ಲಿ, 96ನೇ ವಯಸ್ಸಿನಲ್ಲಿ, ಅಜ್ಞಾನ ಮತ್ತು ಸೋಮಾರಿತನ ಗೆದ್ದವು ಅಂತ ಹೇಳಿ ಬಾಗಿಲು ಹಾಕಿದರು. ಆಮೇಲೆ ಬೇರೆಯವರು ಬಂದು ಬಾಗಿಲು ತೆಗೆದರು. ಕೊಕ್ಕೆಗೆ ದಿಕ್ಕಿಲ್ಲದೆ ಹೋಗುತ್ತದೆಯೇ!

ಇಷ್ಟೆಲ್ಲ ರಂಪ ಮಾಡುವ ಈ ಕೊಕ್ಕೆ ಬಾಯಲ್ಲಿ ಹೇಳಿದರೆ ಯಾರ ಕಿವಿಗೂ ಕೇಳಿಸುವುದಿಲ್ಲ. ಹಾಗಾಗಿ ಮುಂದಿನ ವರದಿಯನ್ನು ನಾನು ಫೋನಿನಲ್ಲೇ ಓದಿ ಹೇಳಿದೆ. ಒಂದೂ ತಪ್ಪಿಲ್ಲ ಅಂದರು. ಒಂಬತ್ತನೇ ಪುಟದ ಲೆಕ್ಕ ಹಾಗೇ ಇದೆ.