ಸಂಜೆ ಹೊತ್ತಿಗೆ ರಸ್ತೆ ನೋಡಿ

ಮುಖ್ಯರಸ್ತೆಗಳು ಚೊಕ್ಕವಾಗಿವೆ, ಹಾಗಾಗಿ ನಗರವೂ ಚೊಕ್ಕ ಎಂದು ನಗರದ ಸ್ವಚ್ಛತೆಯ ಬಗ್ಗೆ ಬಂದ ಲೇಖನವೊಂದರಲ್ಲಿ ಲೇಖಕರು ಬರೆದಿದ್ದಾರೆ. ಒಪ್ಪುವುದು ಕಷ್ಟ. ಬೆಳಗಿನ ಜಾವ ಪೌರಕಾರ್ಮಿಕರು ಗುಡಿಸಿ ಹೋದ ಮೇಲೆ ಯಾವ ಊರಾದರೂ ಚೆನ್ನಾಗಿಯೇ ಕಾಣುತ್ತದೆ. ಅದೇ ರಸ್ತೆಯನ್ನು ಸಂಜೆ ನೋಡಬೇಕು. ಖಾಲಿ ಸೈಟು, ಮೇಲ್ಸೇತುವೆಯ ಕೆಳಗಿನ ಜಾಗ ನೋಡಬೇಕು.

ಕಸದ ಬುಟ್ಟಿಯೇ ಇಲ್ಲ ಅನ್ನೋ ನೆಪ ಎಲ್ಲರ ಬಾಯಲ್ಲೂ ಇದೆ. ಟೋಕಿಯೊದಲ್ಲಿ 1995ರ ಸಾರಿನ್ ವಿಷಾನಿಲ ದಾಳಿಯ ನಂತರ ಭದ್ರತೆಯ ಕಾರಣಕ್ಕೆ ಸಾರ್ವಜನಿಕ ಜಾಗಗಳಿಂದ ಬಹಳಷ್ಟು ಬುಟ್ಟಿಗಳನ್ನು ತೆಗೆದುಬಿಟ್ಟರು. ಆದರೂ ಅಲ್ಲಿನ ಜನ ಕಸವನ್ನು ಚೀಲದಲ್ಲಿಟ್ಟುಕೊಂಡು ಮನೆಗೆ ಒಯ್ಯುತ್ತಾರೆ. ಅಲ್ಲಿನ ಮಕ್ಕಳು ಶಾಲೆಯಲ್ಲಿ ತಮ್ಮ ತರಗತಿಯನ್ನು ತಾವೇ ಗುಡಿಸಿ ಒರೆಸುತ್ತಾರೆ. ಅಭ್ಯಾಸ ಅಲ್ಲಿಂದಲೇ ಬಂದಿರಬೇಕು, ಅಲ್ವಾ?

ನನಗೆ ಇದಕ್ಕಿಂತ ಜಾಸ್ತಿ ಮುಖ್ಯ ಅನ್ನಿಸುವುದು, ಕಸ ಕಸವನ್ನು ಕರೆಯುತ್ತದೆ ಎಂಬುದು. ಅಮೆರಿಕದ ಮನಶ್ಶಾಸ್ತ್ರಜ್ಞ ರಾಬರ್ಟ್ ಚಾಲ್ಡೀನಿ ಮತ್ತು ಸಂಗಡಿಗರು 1990ರಲ್ಲಿ ಒಂದು ಪ್ರಯೋಗದ ವಿವರ ಪ್ರಕಟಿಸಿದರು. ನಿಲ್ಲಿಸಿದ ಕಾರುಗಳ ಗಾಜಿಗೆ ಕರಪತ್ರ ಸಿಕ್ಕಿಸಿ, ಕಾರಿನವರು ಅದನ್ನು ಏನು ಮಾಡುತ್ತಾರೆ ಅಂತ ನೋಡಿದ್ದರು. ನೆಲದ ಮೇಲೆ ಮೊದಲೇ ಕಸ ಬಿದ್ದಿದ್ದಾಗ ಹೆಚ್ಚು ಜನ ಅಲ್ಲೇ ಬಿಸಾಡಿದರು. ನೆಲ ಚೊಕ್ಕವಾಗಿದ್ದಾಗ ಹಾಗೆ ಮಾಡಿದವರು ಕಡಿಮೆ. ಮೂಲೆಯಲ್ಲಿ ಬಿದ್ದ ಮೊದಲ ಚೀಲವನ್ನು ಅವತ್ತೇ ಎತ್ತಬೇಕು ಅನ್ನೋದು ಇದಕ್ಕೇ. ವಾರ ಬಿಟ್ಟರೆ ಅದು ತಿಪ್ಪೆ ಆಗುತ್ತದೆ. ಆಮೇಲೆ ಸುಮ್ನೆ ಬೋರ್ಡ್ ಹಾಕಿದರೆ ಯಾರೂ ಕೇಳುವುದಿಲ್ಲ.

ಸಿಗರೇಟು ತುಂಡನ್ನಂತೂ ಬಹಳ ಜನ ಕಸ ಅಂತ ಎಣಿಸುವುದೇ ಇಲ್ಲ. ಅದರ ಫಿಲ್ಟರ್ ಒಂದು ಬಗೆಯ ಪ್ಲಾಸ್ಟಿಕ್. ಮಳೆ ಬಂದರೆ ಕೊಚ್ಚಿಕೊಂಡು ಚರಂಡಿ ಸೇರುತ್ತದೆ. ದಯವಿಟ್ಟು ಇದರ ಬಗ್ಗೆಯೂ ಒಂದು ಲೇಖನ ಬರೆಯಿರಿ.