218ನೇ ಸಹಿ

2025ರ ಸೆಪ್ಟೆಂಬರ್ 20ರ ಶನಿವಾರ ಬೆಳಿಗ್ಗೆ ಅಕ್ಕನ ಮನೆಯಲ್ಲಿ ಮರುದಿನದ ಮಹಾಲಯ ಅಮಾವಾಸ್ಯೆಗೆಂದು ತಂದ ಬಾಳೆಎಲೆಯ ಕಟ್ಟು ಅಡುಗೆಮನೆಯ ಮೂಲೆಯಲ್ಲಿತ್ತು. ನಡುಮನೆಯಲ್ಲಿ ಅಕ್ಕನ ಮಗ ಸೂಟ್‌ಕೇಸಿಗೆ ಬಟ್ಟೆಗಳನ್ನು ಮತ್ತೆ ತುಂಬುತ್ತಿದ್ದ. ತಂದೆಯ ಶ್ರಾದ್ಧಕ್ಕೆಂದು ನ್ಯೂಜೆರ್ಸಿಯಿಂದ ಬಂದು ನಾಲ್ಕೇ ದಿನವಾಗಿತ್ತು. ಹಿಂದಿನ ರಾತ್ರಿ ಅಧ್ಯಕ್ಷ ಟ್ರಂಪ್ ಅವರು ವಿದೇಶಿ ಪರಿಣತರು ಅಮೆರಿಕದಲ್ಲಿ ಕೆಲಸ ಮಾಡಲು ಪಡೆಯುವ ಎಚ್-1ಬಿ ವೀಸಾಕ್ಕೆ 1 ಲಕ್ಷ ಡಾಲರ್ ಶುಲ್ಕ ವಿಧಿಸುವ ಘೋಷಣೆಗೆ ಸಹಿ ಹಾಕಿದ್ದರು. ಅದು ಜಾರಿಗೆ ಬರುವ ಹೊತ್ತು ನಮ್ಮ ಗಡಿಯಾರದಲ್ಲಿ ಭಾನುವಾರ ಬೆಳಿಗ್ಗೆ ಒಂಬತ್ತೂವರೆ. ಅಷ್ಟರೊಳಗೆ ಹೇಗಾದರೂ ಬಂದು ಸೇರು ಎಂದು ಅವನ ಕಚೇರಿಯಿಂದ ಸಂದೇಶ ಬಂದಿತ್ತು. ಈಗಾಗಲೇ ವೀಸಾ ಇರುವವರಿಗೆ ಈ ಶುಲ್ಕ ಅನ್ವಯಿಸುವುದಿಲ್ಲ ಎಂಬ ವಿವರಣೆ ಶ್ವೇತಭವನದಿಂದ ಹೊರಬಿದ್ದಾಗ ಅವನು ಆಕಾಶದಲ್ಲಿದ್ದ. ಶ್ರಾದ್ಧ ನಡೆಯಲಿಲ್ಲ.

ಅಂದು ರಾತ್ರಿ ಅಕ್ಕ ಕೇಳಿದ ಪ್ರಶ್ನೆ ನನ್ನನ್ನು ಬಿಟ್ಟಿಲ್ಲ. ಅಲ್ಲಿ ಒಬ್ಬರು ಸಹಿ ಹಾಕಿಬಿಟ್ಟರೆ ಮುಗಿಯಿತೇ, ಯಾಕೆ ಎಂದು ಕೇಳುವ ವಿರೋಧ ಪಕ್ಷವೊಂದು ಆ ದೇಶದಲ್ಲಿ ಇಲ್ಲವೇ ಎಂದು ಅವಳು ಕೇಳಿದಳು. ಅಂದು ನಾನು ಸರಿಯಾಗಿ ಉತ್ತರಿಸಲಿಲ್ಲ. ಆಮೇಲೆ ತಿಂಗಳುಗಟ್ಟಲೆ ಓದಿ, ಅಮೆರಿಕದ ಕಾಂಗ್ರೆಸ್‌ನ ಕಲಾಪಗಳನ್ನು ಗಮನಿಸಿ ನಾನು ಕಂಡುಕೊಂಡದ್ದನ್ನು ಇಲ್ಲಿ ಬರೆಯುತ್ತಿದ್ದೇನೆ. ಕಾಂಗ್ರೆಸ್ ಎಂದರೆ ಇಲ್ಲಿ ಪಕ್ಷವಲ್ಲ, 435 ಸದಸ್ಯರ ಪ್ರತಿನಿಧಿ ಸಭೆ ಮತ್ತು 100 ಸದಸ್ಯರ ಸೆನೆಟ್ ಸೇರಿದ ಅಲ್ಲಿನ ಸಂಸತ್ತು. 2025ರ ಜನವರಿಯಿಂದ ಎರಡೂ ಸದನಗಳಲ್ಲಿ ಅಧ್ಯಕ್ಷರ ರಿಪಬ್ಲಿಕನ್ ಪಕ್ಷಕ್ಕೇ ಬಹುಮತವಿದ್ದುದರಿಂದ ಡೆಮಾಕ್ರಟಿಕ್ ಪಕ್ಷಕ್ಕೆ ಉಳಿದದ್ದು ಭಾಷಣ ಮಾತ್ರ ಎಂದು ಬಹಳ ಜನ ನಂಬಿದ್ದರು, ನಾನೂ ನಂಬಿದ್ದೆ. ಆ ಪಕ್ಷದ ಸೆನೆಟರ್ ಕೋರಿ ಬೂಕರ್ 2025ರ ಮಾರ್ಚ್ 31ರ ಸಂಜೆ ಎದ್ದು ನಿಂತವರು 25 ಗಂಟೆ 5 ನಿಮಿಷ ಕೂರದೆ ಮಾತನಾಡಿದರು. ಆ ಮಾತಿನ ಬಗ್ಗೆ ನನಗೆ ಗೌರವವಿದೆ. ಕುಗ್ಗಿಹೋಗಿದ್ದ ಎಷ್ಟೋ ಜನರಿಗೆ ಅದು ಧೈರ್ಯ ಕೊಟ್ಟಿತು. ಆದರೆ ಮರುದಿನ ಕಾರ್ಯಾಂಗದ ಒಂದು ಕಡತವೂ ಅದರಿಂದ ನಿಲ್ಲಲಿಲ್ಲ.

ನನ್ನ ಅಭಿಪ್ರಾಯವನ್ನು ನೇರವಾಗಿ ಹೇಳುತ್ತೇನೆ. ಅಧ್ಯಕ್ಷರ ಕೈ ಮೇಲಾಗುವುದು ಅವರ ಪಕ್ಷದ ಎಲ್ಲ ಸದಸ್ಯರೂ ಅವರನ್ನು ಒಪ್ಪುವುದರಿಂದಲ್ಲ, ಒಪ್ಪುತ್ತೇವೆಯೋ ಇಲ್ಲವೋ ಎಂದು ಬಾಯಿಬಿಟ್ಟು ಹೇಳಬೇಕಾದ ಪ್ರಸಂಗ ಆ ಸದಸ್ಯರಿಗೆ ಬಾರದಂತೆ ಸಭಾಧ್ಯಕ್ಷರು ನೋಡಿಕೊಳ್ಳುವುದರಿಂದ. ಆದ್ದರಿಂದ ಅಲ್ಪಮತದಲ್ಲಿರುವ ಪಕ್ಷ ಮಾಡಬೇಕಾದ ಮೊದಲ ಕೆಲಸವೆಂದರೆ ವಿಷಯವನ್ನು ಮತಕ್ಕೆ ತರುವುದು, ಒಬ್ಬೊಬ್ಬ ಸದಸ್ಯನ ಹೆಸರೂ ಕಡತದಲ್ಲಿ ದಾಖಲಾಗುವಂತೆ ಮಾಡುವುದು.

ಅಧ್ಯಕ್ಷರನ್ನು ತಡೆಯುವುದು ಇಷ್ಟು ಕಷ್ಟವಾದದ್ದರ ಹಿಂದೆ ನಮ್ಮವರೆನ್ನಬಹುದಾದ ಒಬ್ಬರ ಮೊಕದ್ದಮೆಯಿದೆ. ಜಗದೀಶ್ ರಾಯ್ ಛಡ್ಡಾ ಕೀನ್ಯಾದಲ್ಲಿ ಹುಟ್ಟಿದ ಭಾರತೀಯ ಮೂಲದವರು. ಓಹಾಯೊದಲ್ಲಿ ಓದುತ್ತಿದ್ದಾಗ ಅವರ ವಿದ್ಯಾರ್ಥಿ ವೀಸಾ ಅವಧಿ ಮುಗಿಯಿತು. ಅವರನ್ನು ಹೊರಹಾಕುವುದು ಬೇಡ ಎಂದು ವಲಸೆ ನ್ಯಾಯಾಧೀಶರು ತೀರ್ಮಾನಿಸಿದರು. ಆ ಕಾಲದ ಕಾನೂನಿನ ಪ್ರಕಾರ ಅಂತಹ ತೀರ್ಮಾನವನ್ನು ಒಂದೇ ಸದನ ತಳ್ಳಿಹಾಕಬಹುದಿತ್ತು, 1975ರ ಡಿಸೆಂಬರ್‌ನಲ್ಲಿ ಪ್ರತಿನಿಧಿ ಸಭೆ ಹಾಗೆಯೇ ಮಾಡಿತು. ಛಡ್ಡಾ ಹೋರಾಡಿದರು. ಸದನವೊಂದು ಹೀಗೆ ಅಧ್ಯಕ್ಷರ ಸಹಿಯಿಲ್ಲದೆ ಕಾರ್ಯಾಂಗದ ತೀರ್ಮಾನವನ್ನು ರದ್ದು ಮಾಡುವಂತಿಲ್ಲ ಎಂದು 1983ರ ಜೂನ್‌ನಲ್ಲಿ ಸುಪ್ರೀಂ ಕೋರ್ಟ್ 7-2ರ ಬಹುಮತದಿಂದ ಹೇಳಿತು. ಛಡ್ಡಾ ಅವರಿಗೆ ಸಿಕ್ಕ ನ್ಯಾಯ ನ್ಯಾಯವೇ. ಆದರೆ ಅದೇ ತೀರ್ಪಿನಿಂದಾಗಿ ಅಧ್ಯಕ್ಷರ ತುರ್ತುಸ್ಥಿತಿ ಘೋಷಣೆಯನ್ನು ಎರಡೂ ಸದನಗಳು ಸಾಮಾನ್ಯ ಬಹುಮತದಿಂದ ಕೊನೆಗಾಣಿಸಬಹುದಾಗಿದ್ದ 1976ರ ಕಾನೂನಿನ ಹಲ್ಲು ಉದುರಿತು. ಈಗ ಅಂತಹ ಗೊತ್ತುವಳಿಯೂ ಅಧ್ಯಕ್ಷರ ಮೇಜಿಗೇ ಹೋಗಬೇಕು, ಅವರು ವಿಟೊ ಮಾಡಿದರೆ, ಅಂದರೆ ಸಹಿ ಹಾಕದೆ ತಿರಸ್ಕರಿಸಿದರೆ, ಎರಡೂ ಸದನಗಳಲ್ಲಿ ಮೂರನೇ ಎರಡರಷ್ಟು ಮತ ಬೇಕು. 2019ರಲ್ಲಿ ಗಡಿಗೋಡೆಗಾಗಿ ಟ್ರಂಪ್ ತುರ್ತುಸ್ಥಿತಿ ಸಾರಿದಾಗ ಸೆನೆಟ್‌ನಲ್ಲಿ 12 ರಿಪಬ್ಲಿಕನ್ನರೂ ಸೇರಿ 59-41ರಿಂದ ಅದನ್ನು ತಿರಸ್ಕರಿಸಿದರು. ಅಧ್ಯಕ್ಷರು ವಿಟೊ ಮಾಡಿದರು, ಗೋಡೆಯ ಹಣ ಹರಿಯಿತು.

ಗೆಲ್ಲಲಾಗದ ಮತದಾನವೆಂದರೆ ವ್ಯರ್ಥ ಎಂದು ಇದರಿಂದ ತೋರಬಹುದು. ಹಾಗಲ್ಲ ಎಂಬುದಕ್ಕೆ ಅಧಿಕಾರದಲ್ಲಿರುವವರೇ ಸಾಕ್ಷಿ ಕೊಟ್ಟಿದ್ದಾರೆ. 2025ರಲ್ಲಿ ಕೆನಡಾ, ಮೆಕ್ಸಿಕೊ, ಚೀನಾಗಳ ಸರಕಿನ ಮೇಲೆ ಸುಂಕ ಹೇರಲು ಅಧ್ಯಕ್ಷರು ಮತ್ತೆ ತುರ್ತುಸ್ಥಿತಿಯನ್ನೇ ಬಳಸಿದರು. ಅದನ್ನು ಕೊನೆಗಾಣಿಸುವ ಗೊತ್ತುವಳಿಯನ್ನು ಯಾವ ಸದಸ್ಯ ತಂದರೂ ಸಮಿತಿ ಅದನ್ನು 15 ದಿನಗಳೊಳಗೆ ಸದನಕ್ಕೆ ಕಳಿಸಬೇಕು, ಆಮೇಲೆ ಮತದಾನ ನಡೆಯಲೇಬೇಕು ಎಂಬುದು ಕಾನೂನು. ಆಗ ಪ್ರತಿನಿಧಿ ಸಭೆಯ ಬಹುಮತದವರು ಮಾಡಿದ್ದೇನು? ಮಾರ್ಚ್ ತಿಂಗಳಲ್ಲಿ, ಬೇರೊಂದು ಮಸೂದೆಯ ಚರ್ಚೆಗೆ ಸಂಬಂಧಿಸಿದ ನಿಯಮದೊಳಗೆ, ಈ ಅಧಿವೇಶನದ ಉಳಿದ ದಿನಗಳನ್ನು ಈ ಲೆಕ್ಕಕ್ಕೆ ದಿನಗಳೆಂದು ಎಣಿಸತಕ್ಕದ್ದಲ್ಲ ಎಂದು ಒಂದು ಸಾಲು ಸೇರಿಸಿದರು. ಸೂರ್ಯ ಹುಟ್ಟಿ ಮುಳುಗುತ್ತಿದ್ದರೂ ಸದನದ ಪಂಚಾಂಗದಲ್ಲಿ ತಿಥಿ ಸರಿಯಲಿಲ್ಲ. ಆ ಸಾಲನ್ನು ಮೊದಲು ಓದಿದಾಗ ನನಗೆ ನಂಬಲಾಗಲಿಲ್ಲ. ಎರಡನೆಯ ಸಲ ಓದಿದಾಗ ಅದರ ಹಿಂದಿನ ಭಯ ಕಾಣಿಸಿತು. ಸೋಲುವುದೇ ಖಚಿತವಾದ ಗೊತ್ತುವಳಿಯಾಗಿದ್ದರೆ ಅದನ್ನು ಬರಲು ಬಿಟ್ಟು ಸೋಲಿಸಬಹುದಿತ್ತು. ಸುಂಕದಿಂದ ನಷ್ಟ ಅನುಭವಿಸುವ ಕ್ಷೇತ್ರದ ಸದಸ್ಯ ತನ್ನ ಹೆಸರಿನಲ್ಲಿ ಮತ ಹಾಕಬೇಕಾಗುತ್ತದೆ ಎಂಬುದೇ ಅವರಿಗೆ ಸಹಿಸಲಾಗದ ಸಂಗತಿಯಾಗಿತ್ತು.

ಈ ಬೀಗ ತೆರೆಯುವ ಕೀಲಿಯೊಂದು ಸದನದ ನಿಯಮಾವಳಿಯಲ್ಲೇ ಇದೆ, ಅದರ ಹೆಸರು ಡಿಸ್ಚಾರ್ಜ್ ಪಿಟಿಷನ್. ಸಮಿತಿಯಲ್ಲಿ ಕೊಳೆಯುತ್ತಿರುವ ಮಸೂದೆಯನ್ನು ಸದನದ ಮುಂದೆ ತರಬೇಕೆಂದು 218 ಸದಸ್ಯರು ಸಹಿ ಹಾಕಿದರೆ ಸ್ಪೀಕರ್ ಬೇಡವೆಂದರೂ ಅದು ಬರುತ್ತದೆ. ಅಲ್ಪಮತದ ಪಕ್ಷಕ್ಕೆ ತನ್ನವರ ಸಹಿ ಸಾಲದು, ಎದುರು ಪಕ್ಷದ ನಾಲ್ಕಾರು ಮಂದಿಯನ್ನು ಒಪ್ಪಿಸಬೇಕು. ಲೈಂಗಿಕ ಅಪರಾಧಿ ಜೆಫ್ರಿ ಎಪ್‌ಸ್ಟೀನ್‌ಗೆ ಸಂಬಂಧಿಸಿದ ಕಡತಗಳನ್ನು ನ್ಯಾಯ ಇಲಾಖೆ ಬಹಿರಂಗಪಡಿಸಬೇಕೆಂಬ ಮಸೂದೆಗಾಗಿ ಕೆಂಟಕಿಯ ರಿಪಬ್ಲಿಕನ್ ಥಾಮಸ್ ಮ್ಯಾಸಿ ಮತ್ತು ಕ್ಯಾಲಿಫೋರ್ನಿಯಾದ ಡೆಮಾಕ್ರಟ್ ರೋ ಖನ್ನಾ ಸೇರಿ ಈ ಹಾದಿ ಹಿಡಿದರು. ಮ್ಯಾಸಿ ಸೇರಿ ನಾಲ್ವರು ರಿಪಬ್ಲಿಕನ್ನರು ಸಹಿ ಹಾಕಿದರು. ಲೆಕ್ಕ ಒಂದು ಸಹಿಯ ಹತ್ತಿರ ಬಂದು ನಿಂತಿತು. ಆ ಒಂದು ಸಹಿ ಹಾಕಬೇಕಾದ ಅಡೆಲಿಟಾ ಗ್ರಿಹಾಲ್ವಾ ಸೆಪ್ಟೆಂಬರ್ 23ರಂದು ಅರಿಜೋನಾದ ಉಪಚುನಾವಣೆಯಲ್ಲಿ ಗೆದ್ದಿದ್ದರೂ, ಸದನ ಸೇರಿಲ್ಲವೆಂಬ ಕಾರಣ ಕೊಟ್ಟು ಸ್ಪೀಕರ್ ಏಳು ವಾರ ಪ್ರಮಾಣವಚನವನ್ನೇ ಬೋಧಿಸಲಿಲ್ಲ. ನವೆಂಬರ್ 12ರಂದು ಪ್ರಮಾಣವಚನವಾಯಿತು. ಅವರು ನಾಲ್ಕು ಮಾತಾಡಿ, ಸದನದಲ್ಲೇ ಹೋಗಿ ಸಹಿ ಹಾಕಿದರು. ವೀಡಿಯೊದಲ್ಲಿ ನಾನು ಆ ಕ್ಷಣವನ್ನು ಎರಡು ಮೂರು ಸಲ ನೋಡಿದೆ. ಅಲ್ಲಿಂದ ಆರು ದಿನಕ್ಕೆ ಮಸೂದೆ ಮತಕ್ಕೆ ಬಂತು. ಅಲ್ಲಿಯವರೆಗೆ ವಿರೋಧಿಸುತ್ತಿದ್ದ ಅಧ್ಯಕ್ಷರೇ ತಮ್ಮ ಪಕ್ಷದವರಿಗೆ ಬೆಂಬಲಿಸಿ ಎನ್ನಬೇಕಾಯಿತು. ಪರವಾಗಿ 427, ವಿರುದ್ಧವಾಗಿ 1. ತಿಂಗಳುಗಟ್ಟಲೆ ಬೇಡವೆಂದವರೆಲ್ಲ ಹೆಸರು ಬರೆಸಬೇಕಾದ ಗಳಿಗೆ ಬಂದೊಡನೆ ಬದಲಾದರು. ನವೆಂಬರ್ 19ರಂದು ಅದು ಕಾನೂನಾಯಿತು. ಗಡುವಾದ ಡಿಸೆಂಬರ್ 19ಕ್ಕೆ ಇಲಾಖೆ ಹೊರಬಿಟ್ಟದ್ದು ಕಡತಗಳ ಒಂದು ಭಾಗವನ್ನು ಮಾತ್ರ, ಹಾಗಾಗಿ ಕಾನೂನಾದ ಮೇಲೂ ಬೆನ್ನು ಹತ್ತುವ ಕೆಲಸ ಉಳಿಯಿತು.

ಅದೇ ನವೆಂಬರ್ 12ರ ರಾತ್ರಿ ಇನ್ನೊಂದು ಅಸ್ತ್ರದ ಕಥೆ ಮುಗಿಯಿತು. ಸೆನೆಟ್‌ನಲ್ಲಿ ವೆಚ್ಚದ ಮಸೂದೆಗೆ 60 ಮತ ಬೇಕಾಗುವುದರಿಂದ ಡೆಮಾಕ್ರಟರು ಆರೋಗ್ಯ ವಿಮೆಯ ಸಹಾಯಧನ ಮುಂದುವರಿಸಬೇಕೆಂದು ಪಟ್ಟು ಹಿಡಿದು ಸರ್ಕಾರದ ಹಣವನ್ನು ಅಕ್ಟೋಬರ್ 1ರಿಂದ ತಡೆದಿದ್ದರು. ಹಣವಿಲ್ಲದೆ ಸರ್ಕಾರದ ಹಲವು ಕೆಲಸಗಳು 43 ದಿನ ಮುಚ್ಚಿದ್ದವು, ಆ ದೇಶದ ಇತಿಹಾಸದಲ್ಲಿ ಅಲ್ಲಿಯವರೆಗೆ ಅದೇ ಅತಿ ದೀರ್ಘ. ವಿಮಾನ ಸಂಚಾರ ನಿಯಂತ್ರಕರು ಸಂಬಳವಿಲ್ಲದೆ ದುಡಿದರು. ಕೊನೆಗೆ ಡೆಮಾಕ್ರಟಿಕ್ ಬಣದ ಎಂಟು ಸೆನೆಟರುಗಳು ಮಣಿದರು, ಕೇಳಿದ್ದು ಸಿಗಲಿಲ್ಲ. ಅವರ ಬೇಡಿಕೆ ಸರಿಯಾಗಿತ್ತು, ಅಸ್ತ್ರ ತಪ್ಪಾಗಿತ್ತು ಎಂದು ನನಗನ್ನಿಸುತ್ತದೆ. ಸರ್ಕಾರ ಮುಚ್ಚಿದಾಗ ಯಾವ ಕೆಲಸ ಅಗತ್ಯ, ಯಾರು ಮನೆಗೆ ಹೋಗಬೇಕು ಎಂದು ನಿರ್ಧರಿಸುವ ಅಧಿಕಾರ ಕಾರ್ಯಾಂಗಕ್ಕೇ ಹೋಗುತ್ತದೆ. ಆ ದಿನಗಳಲ್ಲೇ ಸಾವಿರಾರು ನೌಕರರಿಗೆ ವಜಾ ನೋಟಿಸುಗಳು ಹೋದವು. ಕಡಿವಾಣ ಹಾಕಲು ಹೋದವರೇ ಹಗ್ಗ ಸಡಿಲಿಸಿ ಕೊಟ್ಟಂತಾಯಿತು.

ಹಣದ ವಿಷಯದಲ್ಲಿ ನಿಜವಾಗಿ ಕಾಯಬೇಕಾದ ಬಾಗಿಲು ಬೇರೆಯದು. ಕಾಂಗ್ರೆಸ್ ಮಂಜೂರು ಮಾಡಿದ ಹಣವನ್ನು ಆಗಿನ ಅಧ್ಯಕ್ಷ ನಿಕ್ಸನ್ ಖರ್ಚು ಮಾಡದೆ ತಡೆಹಿಡಿದದ್ದರಿಂದಲೇ 1974ರ ಕಾನೂನು ಬಂತು. ಅಧ್ಯಕ್ಷರು ಯಾವುದಾದರೂ ಹಣವನ್ನು ರದ್ದು ಮಾಡಬೇಕೆಂದರೆ ಕಾಂಗ್ರೆಸ್ಸನ್ನು ಕೇಳಬೇಕು, 45 ದಿನ ಆ ಹಣವನ್ನು ತಡೆಯಬಹುದು ಎಂದು ಅದು ಹೇಳುತ್ತದೆ. 2025ರ ಆಗಸ್ಟ್ ಕೊನೆಯಲ್ಲಿ, ಸೆಪ್ಟೆಂಬರ್ 30ಕ್ಕೆ ಆರ್ಥಿಕ ವರ್ಷ ಮುಗಿಯುವುದಕ್ಕೆ ತಿಂಗಳಷ್ಟೇ ಇರುವಾಗ, ವಿದೇಶಿ ನೆರವಿನ 490 ಕೋಟಿ ಡಾಲರನ್ನು ರದ್ದು ಮಾಡಿ ಎಂದು ಕೋರಿಕೆ ಬಂತು. ಉತ್ತರ ಬರುವ ಮೊದಲೇ ಗಡುವು ತೀರಿ ಆ ಹಣ ಖರ್ಚಾಗದೆ ಕೈತಪ್ಪಿತು, ಸುಪ್ರೀಂ ಕೋರ್ಟ್ ಕೂಡ ಅದನ್ನು ತಡೆಯಲಿಲ್ಲ. ಸಹಾಯಧನದ ಜೊತೆಗೆ ಈ ಸಂದು ಮುಚ್ಚುವ ನಿಯಮವನ್ನು ಪ್ರತಿ ವೆಚ್ಚದ ಮಸೂದೆಯಲ್ಲೂ ಬರೆಸಬೇಕೆಂದು ಆ 60 ಮತಗಳ ಅಗತ್ಯವನ್ನು ಬಳಸಿಕೊಂಡು ಪಟ್ಟು ಹಿಡಿಯುವುದೇ ವಿರೋಧ ಪಕ್ಷದ ಮುಖ್ಯ ಕೆಲಸವಾಗಬೇಕಿತ್ತು.

ಅಧ್ಯಕ್ಷರನ್ನು ವಿಚಾರಣೆಗೆ ಗುರಿಪಡಿಸಿ ಹುದ್ದೆಯಿಂದ ಇಳಿಸುವ ವಾಗ್ದಂಡನೆಯ ಬಗ್ಗೆ ಹೆಚ್ಚು ಹೇಳುವುದಿಲ್ಲ. ನಮ್ಮ ಚಿಕ್ಕೋಡಿಯಲ್ಲಿ ಹುಟ್ಟಿ ಬೆಳಗಾವಿಯಲ್ಲಿ ಬೆಳೆದು ಮಿಷಿಗನ್‌ನಿಂದ ಆರಿಸಿಬಂದ ಶ್ರೀ ಥಾಣೇದಾರ್ 2025ರ ಏಪ್ರಿಲ್‌ನಲ್ಲಿ ಏಳು ಆರೋಪಗಳ ಗೊತ್ತುವಳಿ ತಂದರು. ಅವರ ಪಕ್ಷದವರೇ ಹೊತ್ತು ಇದಲ್ಲವೆಂದರು, ಮೇ ತಿಂಗಳಲ್ಲಿ ಅವರು ಮತದಾನದ ಒತ್ತಾಯವನ್ನು ಕೈಬಿಟ್ಟರು. ಸೆನೆಟ್‌ನಲ್ಲಿ 67 ಮತ ಬೇಕಾಗುವ ಕ್ರಮವದು; 2021ರಲ್ಲಿ 57 ಬಂದದ್ದೇ ದೊಡ್ಡದು. ಎಣಿಕೆ ಇಲ್ಲದೆ ಎತ್ತಿದರೆ ಆ ಗದೆ ಹಗುರಾಗುತ್ತದೆ.

ನಮ್ಮ ಓದುಗರಿಗೆ ಒಂದು ವ್ಯತ್ಯಾಸವನ್ನು ಹೇಳಲೇಬೇಕು. ನಮ್ಮಲ್ಲಿ 1985ರ ಪಕ್ಷಾಂತರ ನಿಷೇಧ ಕಾನೂನಿನಿಂದ ಹೀಗೇ ಮತ ಹಾಕಬೇಕೆಂಬ ಪಕ್ಷದ ಆದೇಶವಾದ ವಿಪ್ ಮೀರಿದ ಸದಸ್ಯನ ಸ್ಥಾನವೇ ಹೋಗಬಹುದು, ಹಾಗಾಗಿ ಇಲ್ಲಿ ಆಡಳಿತ ಪಕ್ಷದ ನಾಲ್ವರನ್ನು ಮತಕ್ಕೆ ಒಲಿಸಿಕೊಳ್ಳುವ ಯೋಚನೆಯೇ ವಿರೋಧ ಪಕ್ಷಕ್ಕೆ ಬರುವುದಿಲ್ಲ. ಅಲ್ಲಿ ಪಕ್ಷದ ವಿರುದ್ಧ ಮತ ಹಾಕಿದವನು ಟಿಕೆಟ್ ಕಳೆದುಕೊಳ್ಳಬಹುದು, ಕುರ್ಚಿಯನ್ನಲ್ಲ. ಇದನ್ನು ಮೇನ್ ರಾಜ್ಯದ ಡೆಮಾಕ್ರಟ್ ಜ್ಯಾರೆಡ್ ಗೋಲ್ಡನ್ ಚೆನ್ನಾಗಿ ಬಳಸಿಕೊಂಡರು. ಲಕ್ಷಾಂತರ ಕೇಂದ್ರ ನೌಕರರ ಒಕ್ಕೂಟಗಳಿಗೆ ಸಾಮೂಹಿಕ ಚೌಕಾಸಿಯ ಹಕ್ಕಿಲ್ಲದಂತೆ ಮಾಡಿದ ಅಧ್ಯಕ್ಷರ ಆದೇಶವನ್ನು ರದ್ದು ಮಾಡುವ ಮಸೂದೆಗೆ ಅವರು 218 ಸಹಿ ಕೂಡಿಸಿದರು. ಡಿಸೆಂಬರ್‌ನಲ್ಲಿ 20 ರಿಪಬ್ಲಿಕನ್ನರ ಮತವೂ ಬಿದ್ದು 231-195ರಿಂದ ಅದು ಪ್ರತಿನಿಧಿ ಸಭೆಯಲ್ಲಿ ಅಂಗೀಕಾರವಾಯಿತು. ಸೆನೆಟ್ ದಾಟುವುದು ಬೇರೆಯ ಮಾತು, ಆದರೆ ಆ 20 ಹೆಸರುಗಳು ಈಗ ದಾಖಲೆಯಲ್ಲಿವೆ.

ವೀಸಾ ಶುಲ್ಕದ ಘೋಷಣೆಯನ್ನು ಮತಕ್ಕೆ ತರುವುದೂ ಹೀಗೆಯೇ ಆಗಬೇಕು, ಬೇರೆ ದಾರಿ ನನಗೆ ಕಾಣುವುದಿಲ್ಲ. ಪ್ರತಿನಿಧಿ ಸಭೆಯ ಕ್ಲರ್ಕ್ ಕಚೇರಿಯ ಜಾಲತಾಣದಲ್ಲಿ ಪ್ರತಿ ಪಿಟಿಷನ್‌ಗೂ ಒಂದು ಪುಟವಿದೆ, ಯಾರು ಯಾವ ದಿನ ಸಹಿ ಹಾಕಿದರು ಎಂಬುದು ಅದರಲ್ಲಿ ಸಾಲಾಗಿ ಕಾಣುತ್ತದೆ. ಅಕ್ಕನಿಗೆ ಅದನ್ನು ತೆರೆದು ತೋರಿಸಿದೆ. ಅವಳು ಕನ್ನಡಕ ಹಾಕಿಕೊಂಡು 218ನೇ ಸಾಲಿನವರೆಗೂ ಬೆರಳಿಟ್ಟು ಇಳಿದಳು, ಆಮೇಲೆ ಮಗನಿಗೆ ಫೋನ್ ಮಾಡಿ, ನಿನ್ನ ಊರಿನ ಪ್ರತಿನಿಧಿ ಯಾರೋ, ಅವರು ಯಾವ ಯಾವುದಕ್ಕೆ ಸಹಿ ಹಾಕಿದ್ದಾರೆ ನೋಡಿ ಹೇಳು ಎಂದಳು.